ಕಂಡೂ ಸುಮ್ಮನಿದ್ದವನು

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯಲ್ಲಿ ಕಥೆ ಹೇಳುವವನಿಗೆ ಹೆಸರಿಲ್ಲ. ಆರಂಭದಲ್ಲಿ ಅವನು ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ಮಾಣಿಯ ಒಂದೆರಡು ಮಾತುಗಳಲ್ಲಿ ತನ್ನ ಗೊಂದಲಗಳಿಗೆಲ್ಲ ಉತ್ತರ ಹುಡುಕುತ್ತಿರುತ್ತಾನೆ. ಮೆಲುದನಿ, ಚುರುಕು ಕಣ್ಣು, ಯಾರನ್ನೂ ನೋಯಿಸದವನ ಚಹರೆ. ಓದುಗ ಅವನೆದುರಿನ ಕುರ್ಚಿ ಎಳೆದುಕೊಂಡು ಕೂರುವುದು ಸಹಜ. ಕಥೆ ಮುಗಿಯುವ ಹೊತ್ತಿಗೆ, ಇಷ್ಟು ಹೊತ್ತು ಇವನ ಜೊತೆ ಕೂತೆವಲ್ಲ ಎಂಬ ದಿಗಿಲು ಹತ್ತುತ್ತದೆ.

2013ರಲ್ಲಿ ಬಂದ ಈ ಕಿರುಕಾದಂಬರಿ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದಿಂದ ದೇಶದಾಚೆಗೂ ಹೋಯಿತು. ದಿಢೀರನೆ ಬಂದ ದುಡ್ಡು ಒಂದು ಕುಟುಂಬವನ್ನು ಹೇಗೆ ಬದಲಿಸುತ್ತದೆ ಎಂಬ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ದುಡ್ಡಿಗಿಂತಲೂ ಹೆಚ್ಚು ಕಾಡುವುದು ನಿರೂಪಕನ ನಡತೆ. ಅವನು ಯಾರಿಗೂ ಕೈ ಎತ್ತುವುದಿಲ್ಲ, ಬೈಯುವುದಿಲ್ಲ. ಹಾಗಿದ್ದೂ ಅವನ ಮೇಲೆ ಹೊರಿಸಬೇಕಾದ ಆರೋಪ ಸಣ್ಣದಲ್ಲ.

ಚಿಕ್ಕಪ್ಪ ವೆಂಕಟಾಚಲ ಮಸಾಲೆ ಪದಾರ್ಥಗಳನ್ನು ಸಗಟಾಗಿ ಕೊಂಡು ಪೊಟ್ಟಣ ಕಟ್ಟಿ ಮಾರುವ ‘ಸೋನಾ ಮಸಾಲಾ’ ನಡೆಸುತ್ತಾನೆ. ಕೆಲಸ ಕಳೆದುಕೊಂಡ ಅಪ್ಪನ ದುಡ್ಡೂ ಅದರಲ್ಲಿದೆ. ಸುಲ್ತಾನ್‌ಪೇಟೆ, ಚಿಕ್ಕಪೇಟೆಗಳ ಓಣಿಗಳಲ್ಲಿ ಓಡಾಡಿದವರಿಗೆ ಇಂಥ ಮನೆತನದ ವ್ಯಾಪಾರ ಹೊಸದಲ್ಲ. ದುಡಿಯುವವನು ಒಬ್ಬ, ಉಣ್ಣುವವರು ಮನೆ ತುಂಬ. ನಿರೂಪಕ ಕಂಪನಿಯ ನಿರ್ದೇಶಕ. ಸಂಬಳವೂ ಬರುತ್ತದೆ, ಮಾಡುವ ಕೆಲಸ ಮಾತ್ರ ಇಲ್ಲ. ಹೈದರಾಬಾದಿನ ಮೇಷ್ಟರ ಮಗಳು ಅನಿತಾಳನ್ನು ಮದುವೆಯಾಗುವಾಗ ಈ ಸಂಗತಿ ಅವಳಿಗೆ ಗೊತ್ತಿರುವುದಿಲ್ಲ. ಇವನು ಸುಳ್ಳು ಹೇಳಲಿಲ್ಲ, ನಿಜ, ಸತ್ಯವನ್ನೂ ಹೇಳಲಿಲ್ಲ. ಅವನ ಸ್ವಭಾವವೆಲ್ಲ ಅಲ್ಲೇ ಇದೆ.

ಗೇಟಿನ ಬಳಿ ನಡೆಯುವ ಪ್ರಸಂಗವನ್ನು ಮತ್ತೆ ಮತ್ತೆ ಓದಬೇಕು. ಒಬ್ಬ ಹೆಂಗಸು ಚಿಕ್ಕಪ್ಪನನ್ನು ಕೇಳಿಕೊಂಡು ಬರುತ್ತಾಳೆ. ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಅಡುಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಇಬ್ಬರ ನಡುವಿನ ಸಲಿಗೆ ಎಂಥದೆಂದು ಆ ಡಬ್ಬಿಯೇ ಹೇಳುತ್ತದೆ. ಅಮ್ಮ ಮತ್ತು ಸೋದರಿ ಮಾಲತಿ ಅವಳ ಮೇಲೆ ಮುಗಿಬೀಳುತ್ತಾರೆ. ಬಾಯಿಗೆ ಬಂದಂತೆ ಬೈಯುತ್ತಾರೆ. ಅಡುಗೆ ಬೀದಿಪಾಲಾಗುತ್ತದೆ. ಚಿಕ್ಕಪ್ಪ ಒಳಗೇ ಉಳಿಯುತ್ತಾನೆ. ಮನೆಗೆ ಅನ್ನ ಹಾಕುವವನನ್ನು ಕಾಪಾಡಲು ಇಡೀ ಮನೆ ಒಂದಾಗುತ್ತದೆ. ಇದು ತಪ್ಪು ಎಂದು ಹೇಳುವವಳು ಹೊಸದಾಗಿ ಮನೆಗೆ ಬಂದ ಅನಿತಾ ಒಬ್ಬಳೇ.

ನಿರೂಪಕ ಅಲ್ಲೇ ಇದ್ದಾನೆ. ಬಂದವಳ ಅಳುಕು, ಅಮ್ಮನ ದನಿ, ಚೆಲ್ಲಿದ ಅಡುಗೆ, ಯಾವುದೂ ಅವನ ಕಣ್ಣು ತಪ್ಪಿಸಿಲ್ಲ. ಅದನ್ನೆಲ್ಲ ನಮಗೆ ಚೆನ್ನಾಗಿ ಹೇಳಬಲ್ಲ. ಹೇಳಬಲ್ಲವನಾದ್ದರಿಂದಲೇ ಅವನಿಗೆ ಕ್ಷಮೆ ಕಷ್ಟ. ಕಾಣದವನಿಗೆ ಒಂದು ನೆಪವಿರುತ್ತದೆ, ಇವನು ಕಂಡವನು.

ಹಿಂದೆಯೂ ಹೀಗೇ ಆಗಿತ್ತು. ಹೆಣ್ಣುಮಕ್ಕಳ ಪರ ಕೆಲಸ ಮಾಡುವ ಚಿತ್ರಾ ಎಂಬ ಗೆಳತಿ ಇವನಿಗಿದ್ದಳು. ಮನೆಗಳೊಳಗೆ ಹೆಂಗಸರ ಮೇಲೆ ನಡೆಯುವ ಅನ್ಯಾಯವನ್ನು ಕೋಪದಿಂದ ಹೇಳುತ್ತಿದ್ದಳು. ಇವನು ಕೇಳಿಸಿಕೊಂಡ, ಮೆಲ್ಲಗೆ ದೂರ ಸರಿದ. ಅನಿತಾಳ ವಿಷಯದಲ್ಲಿ ಸರಿದು ಹೋಗಲು ಜಾಗವಿಲ್ಲ, ಅವಳು ಹೆಂಡತಿ.

ಇಂಥ ನಿರೂಪಕರು ಸಾಹಿತ್ಯಕ್ಕೆ ಹೊಸಬರಲ್ಲ. ಸಾಹಿತ್ಯ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ‘ನಂಬಲಾಗದ ನಿರೂಪಕ’ ಎಂಬ ಕಲ್ಪನೆಯನ್ನು ಚರ್ಚೆಗೆ ತಂದ. ಸ್ಕಾಟ್ ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ (1925) ನಿರೂಪಕ ನಿಕ್ ತಾನು ಪ್ರಾಮಾಣಿಕನೆಂದು ಹೇಳಿಕೊಳ್ಳುತ್ತಾನೆ, ಅಪಘಾತದ ಹೊತ್ತಿಗೆ ಕಾರು ಓಡಿಸುತ್ತಿದ್ದವರು ಯಾರೆಂದು ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಕಜುವೊ ಇಶಿಗುರೊ ಬರೆದ ‘ದಿ ರಿಮೇನ್ಸ್ ಆಫ್ ದಿ ಡೇ’ಯ (1989) ಬಟ್ಲರ್ ಸ್ಟೀವನ್ಸ್ ನಮ್ಮ ನಿರೂಪಕನಿಗೆ ಇನ್ನೂ ಹತ್ತಿರದ ನೆಂಟ. ಯೆಹೂದಿಗಳು ಎಂಬ ಒಂದೇ ಕಾರಣಕ್ಕೆ ಇಬ್ಬರು ಕೆಲಸದ ಹುಡುಗಿಯರನ್ನು ತೆಗೆದುಹಾಕು ಎಂದು ಧಣಿ ಹೇಳಿದಾಗ, ಅವನು ಎದುರಾಡದೆ ಅದನ್ನು ನೆರವೇರಿಸುತ್ತಾನೆ. ಸ್ಟೀವನ್ಸ್‌ಗೆ ಕರ್ತವ್ಯದ ಮರೆಯಿದೆ. ನಮ್ಮವನಿಗೆ ಕುಟುಂಬದ ಮರೆ.

ಕನ್ನಡದ ಓದುಗರು ಬೇರೆ ಬಗೆಯ ನಿರೂಪಕರ ಜೊತೆ ಬೆಳೆದವರು. ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಹೇಳುವ ಸುಬ್ಬರಾಯ ಅಜ್ಜಿಯ ಮಾತಿಗೆ ಕಿವಿಗೊಟ್ಟು ತನ್ನನ್ನು ತಿದ್ದಿಕೊಳ್ಳುತ್ತಾನೆ. ತೇಜಸ್ವಿಯವರ ‘ಕರ್ವಾಲೊ’ದ (1980) ಕೃಷಿಕ ತನ್ನ ಅಜ್ಞಾನವನ್ನೂ ಸಂಶಯವನ್ನೂ ಬಚ್ಚಿಡುವುದಿಲ್ಲ. ಕಥೆ ಹೇಳುವವರ ಮೇಲೆ ಅವರು ಕಟ್ಟಿಕೊಟ್ಟ ನಂಬಿಕೆಯನ್ನೇ ಶಾನಭಾಗರು ಇಲ್ಲಿ ಅಲುಗಾಡಿಸುತ್ತಾರೆ, ಮತ್ತು ಅದಕ್ಕೆ ಅವರು ಬಳಸುವುದು ಅತ್ಯಂತ ಸೌಮ್ಯವಾದ ದನಿಯನ್ನು.

ಕಾದಂಬರಿಯನ್ನು ಇನ್ನೂ ಓದದವರು ಈ ಭಾಗವನ್ನು ಬಿಟ್ಟುಬಿಡಬಹುದು. ಕೊನೆಯಲ್ಲಿ ಅನಿತಾ ತವರಿಗೆ ಹೋಗಿರುತ್ತಾಳೆ. ಮನೆಯವರು ಕೂತು, ಒಬ್ಬರನ್ನು ಕೊಲ್ಲಿಸುವುದು ಎಷ್ಟು ಸುಲಭ ಎಂದು ಮಾತಾಡುತ್ತಾರೆ. ಯಾರ ಹೆಸರೂ ಬರುವುದಿಲ್ಲ. ಸಣ್ಣ ಮನೆಯಲ್ಲಿದ್ದ ಕಾಲಕ್ಕೆ ಇರುವೆಗಳನ್ನು ಅವರು ಕೊಲ್ಲುತ್ತಿದ್ದ ರೀತಿ ಓದುಗನಿಗೆ ನೆನಪಾಗುತ್ತದೆ. ಅನಿತಾಳಿಗೆ ಏನಾಯಿತೆಂದು ಕಾದಂಬರಿ ಬಿಡಿಸಿ ಹೇಳುವುದಿಲ್ಲ. ಆದರೆ ಆ ಮಾತು ಯಾರ ಕುರಿತದ್ದೆಂದು ಊಹಿಸುವಷ್ಟು ಬುದ್ಧಿ ನಿರೂಪಕನಿಗಿದೆ. ಭಯವೂ ಆಗಿದೆ. ಭಯವಾದವನು ಮಾಡಬಹುದಾದ ಕೆಲಸಗಳು ಹಲವಿದ್ದವು: ಹೈದರಾಬಾದಿನ ಬಸ್ಸು ಹತ್ತಬಹುದಿತ್ತು, ಚಿಕ್ಕಪ್ಪನ ಎದುರು ನಿಂತು ಕೇಳಬಹುದಿತ್ತು, ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ ಮಾಡಬಹುದಿತ್ತು. ಅವನು ಹೋದದ್ದು ಕಾಫಿ ಹೌಸಿಗೆ, ವಿನ್ಸೆಂಟನ ಮಾತಿನಲ್ಲಿ ಸಮಾಧಾನ ಸಿಕ್ಕೀತೆಂದು.

2021ರ ‘ಸಕೀನಾಳ ಮುತ್ತು’ ಕಾದಂಬರಿಯಲ್ಲಿ ಶಾನಭಾಗರು ಮತ್ತೊಬ್ಬ ಬೆಂಗಳೂರಿಗನಿಂದ ಕಥೆ ಹೇಳಿಸಿದ್ದಾರೆ. ವೆಂಕಟ್ ಸಂಬಳದಾರ, ತಾನು ಉದಾರ ಮನಸ್ಸಿನವನೆಂದು ನಂಬಿಕೊಂಡವನು. ಮಗಳು ರೇಖಾ ಸಂಪರ್ಕಕ್ಕೆ ಸಿಗದಂತಾದಾಗ ಆ ಉದಾರತೆ ಎಷ್ಟು ಆಳದ್ದು ಎಂಬ ಪ್ರಶ್ನೆ ಏಳುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ, ಈ ಲೇಖಕರು ಪೊಲೀಸರ ಕೈಗೆ ಸಿಗುವ ಅಪರಾಧಿಗಳಿಗಿಂತ ಅಪರಾಧ ನಡೆವ ಮನೆಯಲ್ಲಿ ನೆಮ್ಮದಿಯಾಗಿ ಉಣ್ಣುವವರನ್ನು ಹೆಚ್ಚು ಗಮನವಿಟ್ಟು ನೋಡುತ್ತಿದ್ದಾರೆ ಎನ್ನುವುದು ತಿಳಿಯುತ್ತದೆ.