ಹಳೆಯ ಕಾರಿನ ಕಾಯಕಲ್ಪ

ಮುಪ್ಪು ಮನುಷ್ಯನಿಗೆ ಮಾತ್ರವಲ್ಲ, ಯಂತ್ರಕ್ಕೂ ಉಂಟು. ಕೀಲುಗಳು ಸವೆಯುತ್ತವೆ, ಕೊಳವೆಗಳು ಕಟ್ಟಿಕೊಳ್ಳುತ್ತವೆ, ತಗಡಿಗೆ ತುಕ್ಕು ಹಿಡಿಯುತ್ತದೆ. ಆದರೆ ಮನುಷ್ಯನಿಗೆ ಎಟುಕದ ಕಾಯಕಲ್ಪ ಯಂತ್ರಕ್ಕೆ ಸಾಧ್ಯ. ಜಪಾನಿನ ಒಂದು ಚಿಕ್ಕ ಕಾರು ಪಡೆದ ಮರುಜನ್ಮ ಇದಕ್ಕೆ ನಿದರ್ಶನ. ಆ ಕಥೆಯಲ್ಲಿ ನಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಪಾಠವೂ ಅಡಗಿದೆ.

ಎಂಟು-ಆರರ ಕಥೆ

1983ರಲ್ಲಿ ಟೊಯೊಟಾ ಸಂಸ್ಥೆ ಕೊರೊಲಾ ಲೆವಿನ್ ಮತ್ತು ಸ್ಪ್ರಿಂಟರ್ ಟ್ರುಯೆನೊ ಎಂಬ ಅವಳಿ ಕಾರುಗಳನ್ನು ಹೊರತಂದಿತು. ಕಾರ್ಖಾನೆಯ ಸಂಕೇತದಲ್ಲಿ ಅವು ಎಇ86. ಜನರ ಬಾಯಲ್ಲಿ ‘ಹಚಿರೋಕು’, ಎಂದರೆ ‘ಎಂಟು-ಆರು’. 1,587 ಘನ ಸೆಂಟಿಮೀಟರ್ ಗಾತ್ರದ, ಹದಿನಾರು ಕವಾಟಗಳ ಎಂಜಿನ್ ಮುಂಭಾಗದಲ್ಲಿ. ಚಾಲನೆ ಹಿಂದಿನ ಚಕ್ರಗಳಿಗೆ. ತೂಕ ಒಂದು ಟನ್ನಿಗೂ ಕಡಿಮೆ. ಘಟ್ಟದ ತಿರುವುಗಳಲ್ಲಿ ಅದನ್ನು ಓಡಿಸುವುದು ಅಲ್ಲಿನ ಯುವಕರಿಗೆ ಅಚ್ಚುಮೆಚ್ಚಾಯಿತು. 1987ರಲ್ಲಿ ತಯಾರಿಕೆ ನಿಂತಿತು. 1995ರಲ್ಲಿ ಆರಂಭವಾದ ‘ಇನಿಷಿಯಲ್ ಡಿ’ ಚಿತ್ರಕಥಾಮಾಲೆಯ ನಾಯಕ ಸೋಯಾ ಗಿಣ್ಣು ಸಾಗಿಸಲು ಇದೇ ಕಾರನ್ನು ಓಡಿಸಿದ ಮೇಲಂತೂ ಅದರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು.

ಅದೇ 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800 ಕಾರಿನ ಕೀಲಿಕೈ ಹರ್ಪಾಲ್ ಸಿಂಗ್ ಅವರ ಕೈಸೇರಿತು. ಅದೂ ಜಪಾನಿನ ಸುಜುಕಿಯ ವಿನ್ಯಾಸವೇ. ಒಡೆಯನ ಕಾಲಾನಂತರ ಶಿಥಿಲವಾಗಿದ್ದ ಆ ಕಾರನ್ನು ಸಂಸ್ಥೆಯೇ ಜೀರ್ಣೋದ್ಧಾರ ಮಾಡಿ, 2022ರಲ್ಲಿ ತನ್ನ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಕ್ಕಿರಿಸಿತು.

ಬಿಡಿಭಾಗಗಳ ಬರ

ಹಳೆಯ ಕಾರಿನ ದುರಸ್ತಿಯಲ್ಲಿ ಕಷ್ಟದ ಕೆಲಸ ಬಿಚ್ಚುವುದಲ್ಲ, ಮತ್ತೆ ಜೋಡಿಸುವುದು. ಚಳಿಗಾಲದಲ್ಲಿ ಹಿಮ ಕರಗಿಸಲು ಚೆಲ್ಲುವ ಲವಣದಿಂದ ಕಾರಿನ ತಳಭಾಗ ಒಳಗೊಳಗೇ ತುಕ್ಕು ತಿನ್ನುತ್ತದೆ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಕುಶಲಿ ಅದನ್ನು ಸರಿಪಡಿಸಬಲ್ಲ. ಆದರೆ ಬಿರುಕುಬಿಟ್ಟ ಡ್ಯಾಶ್‌ಬೋರ್ಡನ್ನೂ ದೀಪದ ಗಾಜನ್ನೂ ಎಲ್ಲಿಂದ ತರುವುದು? ತಯಾರಿಕೆ ನಿಂತು ದಶಕಗಳು ಕಳೆದ ಮೇಲೆ ಅಚ್ಚುಗಳು ಉಳಿದಿರುವುದಿಲ್ಲ. ಭಾಗಗಳನ್ನು ಒದಗಿಸುತ್ತಿದ್ದ ಚಿಕ್ಕ ಕಾರ್ಖಾನೆಗಳೂ ಉಳಿದಿರುವುದಿಲ್ಲ. ಆದುದರಿಂದ ಹಳೆಯ ಅಂಗಡಿಯ ಮೂಲೆಯಲ್ಲಿ ಪೊಟ್ಟಣ ಒಡೆಯದೆ ಉಳಿದ ಮೂಲ ಭಾಗಕ್ಕೆ ಚಿನ್ನದ ಬೆಲೆ.

ಈ ಕೊರತೆಯನ್ನರಿತ ಟೊಯೊಟಾ, ತನ್ನ ಹಳೆಯ ಕಾರುಗಳ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿತು. 2021ರಲ್ಲಿ ಎಇ86ರ ಹಿಂಬದಿ ಬ್ರೇಕ್ ಕ್ಯಾಲಿಪರ್ ಮೊದಲಾದ ಭಾಗಗಳು ಆ ಪಟ್ಟಿಗೆ ಸೇರಿದವು.

ಹೊಸ ಹೃದಯ

2023ರ ಜನವರಿಯಲ್ಲಿ ಟೋಕಿಯೋ ಆಟೋ ಸಲೂನ್ ಪ್ರದರ್ಶನದಲ್ಲಿ ಇದೇ ಸಂಸ್ಥೆ ಎರಡು ಹಳೆಯ ಎಇ86ಗಳನ್ನು ಹೊಸ ರೂಪದಲ್ಲಿ ಮುಂದಿಟ್ಟಿತು. ಟ್ರುಯೆನೊದಲ್ಲಿ ಮೂಲ ಎಂಜಿನ್ನನ್ನೇ ಉಳಿಸಿಕೊಂಡು, ಪೆಟ್ರೋಲಿನ ಬದಲು ಜಲಜನಕವನ್ನು ಉರಿಸುವಂತೆ ಇಂಧನದ ಕೊಳವೆ, ಇಂಜೆಕ್ಟರ್, ಪ್ಲಗ್ಗುಗಳನ್ನು ಮಾರ್ಪಡಿಸಲಾಗಿತ್ತು. ಜಲಜನಕದ ಎರಡು ಟ್ಯಾಂಕುಗಳು ಹಿಂಭಾಗದಲ್ಲಿದ್ದವು. ಲೆವಿನ್ನಿನಲ್ಲಿ ಎಂಜಿನ್ನನ್ನೇ ತೆಗೆದು ವಿದ್ಯುತ್ ಮೋಟಾರು ಮತ್ತು ಬ್ಯಾಟರಿಯನ್ನು ಕೂರಿಸಿ, ಕ್ಲಚ್ಚನ್ನೂ ಕೈಗೇರನ್ನೂ ಮಾತ್ರ ಹಾಗೆಯೇ ಉಳಿಸಲಾಗಿತ್ತು. ಓಡಿಸುವವನ ಕೈಕಾಲಿಗೆ ಹಳೆಯ ಸುಖ ತಪ್ಪಬಾರದಷ್ಟೆ! ಹೊಸ ಕಾರುಗಳೆಲ್ಲ ಹೊಗೆರಹಿತವಾದರೂ ರಸ್ತೆಯಲ್ಲಿರುವ ಕೋಟ್ಯಂತರ ಹಳೆಯ ಕಾರುಗಳ ಗತಿಯೇನು ಎಂಬ ಪ್ರಶ್ನೆಗೆ ಇವು ಎರಡು ಉತ್ತರಗಳು. ಎಂಜಿನ್ ಹೋದ ಮೇಲೆ ಅದು ಅದೇ ಕಾರೇ ಎಂದು ಕೇಳುವವರೂ ಇಲ್ಲದಿಲ್ಲ. ತೊಟ್ಟಿಮನೆಯ ಕಂಬ ತೊಲೆಗಳನ್ನು ಒಂದೊಂದಾಗಿ ಬದಲಿಸಿದವರಿಗೆ ಈ ಪ್ರಶ್ನೆ ಹೊಸದಲ್ಲ.

ದುಡಿಯುವವನ ಉಸಿರು

ಕಾರಿಗೆ ಜೀವ ತುಂಬುವವನ ಜೀವವೂ ಅಮೂಲ್ಯವಾದುದು. ಆ ಕಾಲದ ಕಾರುಗಳ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಸಾಮಾನ್ಯವಾಗಿತ್ತು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದು ಕಷ್ಟ. ಶ್ವಾಸಕೋಶದ ಅರ್ಬುದ, ಅದರ ಹೊರಪದರಕ್ಕೆ ತಗಲುವ ಮೆಸೊಥೀಲಿಯೋಮ ಎಂಬ ಮಾರಕ ಅರ್ಬುದ ತಲೆದೋರುವುದು ಇಪ್ಪತ್ತು ನಲವತ್ತು ವರ್ಷಗಳ ಅನಂತರ. ಜಪಾನ್ 2006ರಲ್ಲಿ ಕಲ್ನಾರಿನ ಬಳಕೆಯನ್ನು ಬಹುತೇಕ ಸಂಪೂರ್ಣವಾಗಿ ನಿಷೇಧಿಸಿತು. ಆದರೂ ಚಿನ್ನದ ಬೆಲೆ ತೆತ್ತು ತಂದ ಹಳೆಯ ಪೊಟ್ಟಣದಲ್ಲಿ ಅದೇ ವಿಷ ಅಡಗಿರಬಹುದು. ಬ್ರೇಕಿನ ರಬ್ಬರು ಭಾಗಗಳಾದರೋ ಪೊಟ್ಟಣದೊಳಗೇ ಮುದಿಯಾಗಿರುತ್ತವೆ. ಬ್ರೇಕಿನ ವಿಷಯದಲ್ಲಿ ಅಪರೂಪಕ್ಕಿಂತ ಹೊಸದೇ ಲೇಸು.

ಹಳೆಯ ಕಾರುಳ್ಳವರೂ ಗ್ಯಾರೇಜಿನಲ್ಲಿ ದುಡಿಯುವವರೂ ಈ ಮಾತುಗಳನ್ನು ನೆನಪಿಡಬೇಕು:

ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒಣಗಿದ್ದಾಗ ಗುಡಿಸಬಾರದು. ಒದ್ದೆ ಮಾಡಿ ಒರೆಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯದು. ತಕ್ಕ ಶೋಧಕವಿರುವ ಮುಖವಾಡವೇ ಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು. ಹೆಂಡತಿ ಮಕ್ಕಳಿಗೂ ಅದರಿಂದ ಅಪಾಯ.

ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಬಣ್ಣಗಳಲ್ಲಿ ಐಸೋಸಯನೇಟ್ ಇರುವುದುಂಟು. ಅದು ಉಬ್ಬಸ ತರಬಲ್ಲದು. ಮುಚ್ಚಿದ ಕೋಣೆಯಲ್ಲಿ ಅದನ್ನು ಸಿಂಪಡಿಸಬಾರದು.

ವಿದ್ಯುತ್ತಿಗೆ ಪರಿವರ್ತಿಸಿದ ಕಾರಿನ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರಬಹುದು. ತರಬೇತಿ ಇಲ್ಲದವರು ಅದನ್ನು ಮುಟ್ಟಬಾರದು. ನಮ್ಮ ದೇಶದಲ್ಲಿ ಇಂಥ ಪರಿವರ್ತನೆಗೆ ಮಾನ್ಯತೆ ಪಡೆದ ಕಿಟ್ಟನ್ನೇ ಬಳಸಿ, ನೋಂದಣಿ ಪುಸ್ತಕದಲ್ಲಿ ಬದಲಾವಣೆಯನ್ನು ದಾಖಲಿಸುವುದೂ ಅಗತ್ಯ.

ಕಾರಿಗೆ ಬದಲಿ ಭಾಗಗಳನ್ನು ಎರಕ ಹೊಯ್ಯಬಹುದು, ಹೊಸ ಹೃದಯವನ್ನೇ ಕೂರಿಸಬಹುದು. ಅದನ್ನು ರಿಪೇರಿ ಮಾಡುವವನ ಶ್ವಾಸಕೋಶಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ.