ವಕೀಲರಿಲ್ಲದೆ ಕುಟುಂಬ ನ್ಯಾಯಾಲಯದಲ್ಲಿ

ವಿವಾಹ ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಮುಂತಾದ ವಿಷಯಗಳಲ್ಲಿ ನ್ಯಾಯಾಲಯದ ಮೊರೆಹೋಗಬೇಕಾದ ಅನೇಕರು ವಕೀಲರ ಶುಲ್ಕ ತೆರಲಾರದೆ ಹಿಂಜರಿಯುತ್ತಾರೆ. ಆದರೆ ವಕೀಲರನ್ನು ನೇಮಿಸಿಕೊಳ್ಳಲಾಗದವರಿಗೂ ಕುಟುಂಬ ನ್ಯಾಯಾಲಯದ ಬಾಗಿಲು ತೆರೆದೇ ಇದೆ.

ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984ರ 13ನೆಯ ಕಲಮಿನ ಪ್ರಕಾರ, ಈ ನ್ಯಾಯಾಲಯದಲ್ಲಿ ವಕೀಲರ ಮೂಲಕ ವಾದಿಸುವುದು ಯಾವ ಪಕ್ಷದವರಿಗೂ ಹಕ್ಕಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಕಕ್ಷಿದಾರರು ತಮ್ಮ ಅಹವಾಲನ್ನು ತಾವೇ ಹೇಳಿಕೊಳ್ಳಬೇಕೆಂಬುದು ಕಾನೂನಿನ ಆಶಯ. ರಾಜಿಗಾಗಿ ಮೊದಲು ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಒಬ್ಬ ಕಕ್ಷಿದಾರರು ಬಯಸಿದರೂ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕು. ವಿವಾದದ ಇತ್ಯರ್ಥಕ್ಕೆ ನೆರವಾಗುವ ಯಾವುದೇ ದಾಖಲೆಯನ್ನು, ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟಿಗೆ ಒಳಪಡಿಸದೆ ಸ್ವೀಕರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ದೊರೆಯುವ ನೆರವು

ಕಾನೂನಿನ ತೊಡಕು ಎದುರಾದಾಗ ನ್ಯಾಯಾಲಯವು ತಜ್ಞರೊಬ್ಬರನ್ನು ನ್ಯಾಯಮಿತ್ರರನ್ನಾಗಿ ಕರೆಸಿಕೊಳ್ಳಬಹುದು. ಅವರು ನ್ಯಾಯಾಲಯಕ್ಕೆ ನೆರವಾಗುವವರೇ ಹೊರತು ಯಾವುದೇ ಒಂದು ಪಕ್ಷದ ವಕೀಲರಲ್ಲ. ಬಂಧುಗಳು ಜೊತೆಯಲ್ಲಿ ಬರಬಹುದಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ಕಕ್ಷಿದಾರರ ಪರವಾಗಿ ವಾದಿಸುವಂತಿಲ್ಲ.

ಸ್ವತಃ ವಾದಿಸಲು ಧೈರ್ಯವಿಲ್ಲದವರು ಉಚಿತ ಕಾನೂನು ನೆರವನ್ನು ಕೋರಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರನ್ವಯ ಮಹಿಳೆಯರು, ಮಕ್ಕಳು, ಅನುಸೂಚಿತ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು. ಇತರ ಹಲವರಿಗೆ ಆದಾಯದ ಮಿತಿಯುಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. 15100 ದೂರವಾಣಿ ಸಂಖ್ಯೆಯ ಮೂಲಕ ಮಾಹಿತಿ ಪಡೆಯಬಹುದು.

ಜೀವನಾಂಶದ ಅರ್ಜಿ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 144ನೆಯ ಕಲಮಿನಡಿ ಜೀವನಾಂಶ ಕೋರುವ ಪತ್ನಿ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಪತಿ ಹುಬ್ಬಳ್ಳಿಯಲ್ಲಿದ್ದು ಪತ್ನಿ ಮುಂಬಯಿಯಲ್ಲಿದ್ದರೆ, ಆಕೆ ಅರ್ಜಿಗಾಗಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರುದಾರರಿಗೆ ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ಇತ್ಯರ್ಥಪಡಿಸಬೇಕು. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ನೀಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ತೀರ್ಪು ನೀಡಿದೆ. ಆದುದರಿಂದ ಅರ್ಜಿ ತಡವಾದಷ್ಟೂ ನಷ್ಟ ಅರ್ಜಿದಾರರದೇ.

ಅದೇ ತೀರ್ಪಿನಂತೆ ಉಭಯ ಪಕ್ಷದವರೂ ತಮ್ಮ ಆದಾಯ, ಆಸ್ತಿ ಹಾಗೂ ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು. ವಿವಾಹದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್, ಬಾಡಿಗೆ ಹಾಗೂ ಶಾಲಾ ಶುಲ್ಕದ ರಸೀದಿಗಳನ್ನು ಮುಂಚಿತವಾಗಿ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಗಮನಿಸಬೇಕಾದ ಅಂಶಗಳು

ನ್ಯಾಯಾಲಯದಲ್ಲಿ ಬಳಸುವ ಭಾಷೆ ತಿಳಿಯದ ಕನ್ನಡಿಗರು ಆ ಸಂಗತಿಯನ್ನು ಮೊದಲ ದಿನವೇ ನ್ಯಾಯಾಧೀಶರಿಗೆ ಅರಿಕೆ ಮಾಡಿಕೊಂಡು ದುಭಾಷಿಯ ನೆರವು ಕೋರಬೇಕು. ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬಾರದು. ಉಭಯ ಪಕ್ಷಗಳ ಒಪ್ಪಿಗೆಯ ಮೇರೆಗೆ ನೀಡಿದ ಡಿಕ್ರಿಯ ವಿರುದ್ಧ 1984ರ ಅಧಿನಿಯಮದಡಿ ಮೇಲ್ಮನವಿಗೆ ಅವಕಾಶವಿಲ್ಲ. ಕುಟುಂಬ ನ್ಯಾಯಾಲಯದ ತೀರ್ಪುಗಳ ಪೈಕಿ ಮೇಲ್ಮನವಿಗೆ ಅವಕಾಶವಿರುವವುಗಳ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಅದೇ ಅಧಿನಿಯಮವು 30 ದಿನಗಳ ಅವಧಿಯನ್ನು ಗೊತ್ತುಪಡಿಸಿದೆ. ಸಹಿ ಹಾಕುವ ಮುನ್ನ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರಿಂದ ಒಮ್ಮೆ ಸಲಹೆ ಪಡೆಯುವುದು ಕ್ಷೇಮಕರ.