ವಯಸ್ಸಾದ ನಾಯಿಯ ಆರೋಗ್ಯ ಪಾಲನೆ: ಕಿಕ್ಕೇರಿ ಹೋಬಳಿಯ ಸಾಕಣೆದಾರರ ಮಾಹಿತಿಗಾಗಿ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯ ಗ್ರಾಮಗಳಲ್ಲಿ ತೆಂಗಿನ ತೋಟ, ಕಬ್ಬಿನ ಗದ್ದೆ ಹಾಗೂ ಕೊಟ್ಟಿಗೆಯ ಕಾವಲಿಗಾಗಿ ನಾಯಿಯನ್ನು ಸಾಕುವುದು ರೂಢಿಯಲ್ಲಿದೆ. ಹತ್ತು ವರ್ಷ ಕಾವಲು ಕಾಯ್ದ ನಾಯಿಯು ಕ್ರಮೇಣ ಏಳಲು ತಡಮಾಡುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ, ಮೇವು ಹೊತ್ತು ಬರುವ ಮನೆಯವರನ್ನೇ ಕಂಡು ಗುರುಗುಟ್ಟುತ್ತದೆ. ‘ವಯಸ್ಸಾಯಿತು, ಇನ್ನೇನು ಮಾಡುವುದು’ ಎಂದು ಮಾಲೀಕರು ಸುಮ್ಮನಾಗುವುದು ಸಾಮಾನ್ಯ. ಆದರೆ ವೃದ್ಧಾಪ್ಯವು ಸ್ವತಃ ಒಂದು ರೋಗವಲ್ಲ. ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ತೊಂದರೆಗಳಲ್ಲಿ ಹಲವು ಚಿಕಿತ್ಸೆಗೆ ಬಗ್ಗುವಂಥವು ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲು ಈ ಮಾಹಿತಿಯನ್ನು ನೀಡಲಾಗಿದೆ.

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ಸರಿಯಲ್ಲ. ಒಂದು ವರ್ಷದ ನಾಯಿ ಮರಿ ಹಾಕಬಲ್ಲದು. ಜರ್ಮನ್ ಶೆಫರ್ಡ್‌ನಂತಹ ದೊಡ್ಡ ತಳಿಗಳು ಸುಮಾರು 7 ವರ್ಷಕ್ಕೆ, ಪೊಮೆರೇನಿಯನ್‌ನಂತಹ ಸಣ್ಣ ತಳಿಗಳು ಸುಮಾರು 10 ವರ್ಷಕ್ಕೆ ಹಿರಿಯ ವಯಸ್ಸಿಗೆ ಬರುತ್ತವೆ. ನಮ್ಮ ನಾಟಿ ನಾಯಿಗಳು ಇವೆರಡರ ನಡುವೆ. ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ ಪಶುವೈದ್ಯರಿಂದ ತಪಾಸಣೆ ಮಾಡಿಸುವುದು ಸೂಕ್ತ.

ಗಮನಿಸಬೇಕಾದ ಲಕ್ಷಣಗಳು

ಕಣ್ಣಿನ ಪಾಪೆ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಪೊರೆ ಬಂದಿದೆ ಎಂದು ತಿಳಿಯಬಾರದು. ಅದು ಮಸೂರ ಗಟ್ಟಿಯಾಗುವುದರ ಗುರುತೂ ಆಗಿರಬಹುದು, ಅಂತಹ ನಾಯಿಗೆ ದೃಷ್ಟಿ ಬಹುಮಟ್ಟಿಗೆ ಉಳಿದಿರುತ್ತದೆ. ಬೆಳಗಿನ ಹೊತ್ತು ಕುಂಟಿ, ನಾಲ್ಕು ಹೆಜ್ಜೆ ನಡೆದ ನಂತರ ಸರಾಗವಾಗಿ ಓಡಾಡುವ ನಾಯಿಗೆ ಸಂಧಿವಾತವಿರುವ ಸಾಧ್ಯತೆ ಹೆಚ್ಚು. ಇದ್ದಕ್ಕಿದ್ದಂತೆ ನೀರು ಕುಡಿಯುವುದು ಹೆಚ್ಚಾದಲ್ಲಿ ಮೂತ್ರಪಿಂಡದ ತೊಂದರೆ ಅಥವಾ ಮಧುಮೇಹವನ್ನು ಶಂಕಿಸತಕ್ಕದ್ದು. ಸಂತಾನಹರಣ ಮಾಡಿಸದ ಹೆಣ್ಣುನಾಯಿಯು ಬೆದೆಗೆ ಬಂದ ಒಂದೆರಡು ತಿಂಗಳೊಳಗೆ ಮಂಕಾಗಿ, ವಿಪರೀತ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದರಲ್ಲಿ ಒಂದು ದಿನದ ವಿಳಂಬವೂ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಒಸಡು ಬಿಳಿಚಿಕೊಂಡು, ಜ್ವರ ಬಂದು, ಮೂಗಿನಿಂದ ರಕ್ತ ಸುರಿದರೆ ಉಣ್ಣೆಗಳಿಂದ ಹರಡುವ ಜ್ವರವಿರಬಹುದು. ದನದ ಕೊಟ್ಟಿಗೆಯಲ್ಲೇ ಮಲಗುವ ನಾಯಿಯ ಕಿವಿಯ ಒಳಗೂ ಬೆರಳುಗಳ ಸಂದಿನಲ್ಲೂ ವಾರಕ್ಕೊಮ್ಮೆ ಉಣ್ಣೆ ನೋಡುವುದು ಅವಶ್ಯ. ರಕ್ತಪರೀಕ್ಷೆಯಿಂದ ಈ ರೋಗವನ್ನು ಪತ್ತೆ ಹಚ್ಚಬಹುದು, ಬೇಗ ಪತ್ತೆಯಾದಲ್ಲಿ ಗುಣವಾಗುತ್ತದೆ.

ರಾತ್ರಿ ಕಾರಣವಿಲ್ಲದೆ ಬೊಗಳುವುದು, ಗೋಡೆಯ ಮೂಲೆಯಲ್ಲಿ ನಿಂತುಬಿಡುವುದು, ಪರಿಚಿತ ಅಂಗಳದಲ್ಲೇ ದಾರಿ ತಪ್ಪುವುದು ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ಸ್ಥಿತಿ. ಹೊಡೆದು ಸುಮ್ಮನಾಗಿಸಲು ಯತ್ನಿಸುವುದರಿಂದ ಪ್ರಯೋಜನವಿಲ್ಲ.

ರೇಬೀಸ್ ಕುರಿತು ಎಚ್ಚರಿಕೆ

ಮುದಿ ನಾಯಿಯ ಸ್ವಭಾವ ಬದಲಾದಾಗಲೆಲ್ಲ ವಯಸ್ಸನ್ನು ದೂರುವುದು ಅಪಾಯಕಾರಿ. ರೇಬೀಸ್ ರೋಗದ ಒಂದು ಬಗೆಯಲ್ಲಿ ನಾಯಿಯು ಕಚ್ಚಲು ಬರುವುದೇ ಇಲ್ಲ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಭಾವಿಸಿ ಬಾಯೊಳಗೆ ಕೈ ಹಾಕುವವರು ತಮ್ಮ ಜೀವವನ್ನೇ ಪಣಕ್ಕೊಡ್ಡುತ್ತಾರೆ. ಇಂತಹ ನಾಯಿಯನ್ನು ಮುಟ್ಟದೆ ಪ್ರತ್ಯೇಕಿಸಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಈಗಾಗಲೇ ಜೊಲ್ಲು ತಾಗಿದ್ದಲ್ಲಿ ಅಥವಾ ಗಾಯವಾಗಿದ್ದಲ್ಲಿ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯತಕ್ಕದ್ದು. ಮನುಷ್ಯರಲ್ಲಿ ಲಕ್ಷಣ ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತ್ಯಂತ ವಿರಳ. ‘ಮುದಿಯಾಯಿತು, ಇನ್ನು ಲಸಿಕೆ ಯಾಕೆ’ ಎಂಬ ಮಾತಿಗೆ ಆಧಾರವಿಲ್ಲ. ರೇಬೀಸ್ ನಿರೋಧಕ ಲಸಿಕೆಯನ್ನು ಕೊನೆಯವರೆಗೂ ಪ್ರತಿ ವರ್ಷ ಹಾಕಿಸುವುದು ಕ್ಷೇಮಕರ.

ಆಹಾರ, ವಸತಿ ಮತ್ತು ಔಷಧ

ರಾಗಿಮುದ್ದೆ ಹಾಗೂ ಹಾಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಕರಗುತ್ತಿರುವ ಮಾಂಸಖಂಡವನ್ನು ಉಳಿಸಲು ಸಾಲದು. ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿಮಾಂಸವನ್ನು ಸೇರಿಸಿ, ದಿನದ ಆಹಾರವನ್ನು ಎರಡು ಮೂರು ಹೊತ್ತಿಗೆ ಹಂಚಿ ಮೆತ್ತಗೆ ಕಲಸಿ ಕೊಡುವುದು. ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಅನುಸರಿಸುವುದು. ಬೇಯಿಸಿದ ಮೂಳೆ ಚೂರಾಗಿ ಕರುಳನ್ನು ಸೀಳಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿ. ಹಬ್ಬದ ಮರುದಿನ ಉಳಿದ ಸಾರನ್ನು ಸುರಿಯುವ ಅಭ್ಯಾಸವನ್ನು ಬಿಡುವುದೇ ಒಳ್ಳೆಯದು.

ಸಿಮೆಂಟ್ ನೆಲದ ಮೇಲೆ ಮಲಗುವ ಮುದಿ ನಾಯಿಯ ಮೊಣಕೈ ಚರ್ಮ ದಪ್ಪಗಾಗಿ ಹುಣ್ಣಾಗುತ್ತದೆ. ಎರಡು ಪದರ ಗೋಣಿಚೀಲ ಹಾಸಿದರೆ ಸಾಕು. ನಡಿಗೆ ಕಡಿಮೆಯಾದ್ದರಿಂದ ಉಗುರು ಸವೆಯದೆ ಬೆಳೆದು ಅಂಗಾಲಿಗೆ ಚುಚ್ಚುವುದನ್ನೂ ನೋಡಿಕೊಳ್ಳಬೇಕು. ಮಂಡ್ಯ ಜಿಲ್ಲೆಯ ಗುಡ್ಡಗಳ ಅಂಚಿನ ಊರುಗಳಲ್ಲಿ ಚಿರತೆಯು ನಾಯಿಯನ್ನು ಹೊತ್ತೊಯ್ಯುವುದುಂಟು. ಕಿವಿ ಕೇಳದ ನಾಯಿಗೆ ಅದರ ಸುಳಿವೇ ಸಿಗುವುದಿಲ್ಲ. ಅಂತಹ ನಾಯಿಯನ್ನು ತೋಟದಲ್ಲಿ ಸರಪಳಿಯಲ್ಲಿ ಕಟ್ಟಿ ಬರದೆ, ರಾತ್ರಿ ಬಾಗಿಲಿರುವ ಕೊಟ್ಟಿಗೆಯೊಳಗೆ ಬಿಡುವುದು.

ನೋವು ಕಂಡಾಗ ಮನೆಯಲ್ಲಿರುವ ಮಾತ್ರೆಯನ್ನು ಮುರಿದು ಕೊಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು ನಾಯಿಯ ಜಠರದಲ್ಲಿ ರಕ್ತಸ್ರಾವವನ್ನೂ ಮೂತ್ರಪಿಂಡದ ವೈಫಲ್ಯವನ್ನೂ ಉಂಟುಮಾಡುತ್ತವೆ. ನಾಯಿಗೆಂದೇ ಇರುವ ನೋವುನಿವಾರಕಗಳನ್ನು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ.

ಕಾನೂನು ಹಾಗೂ ಸೇವೆ

ಮುದಿ ನಾಯಿಯನ್ನು ಸಂತೆಯಲ್ಲೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೇ ಪ್ರಕರಣದಡಿ ಅಪರಾಧವಾಗಿದೆ. ಗುಣವಾಗದ ಯಾತನೆಯಿದ್ದಲ್ಲಿ ಪಶುವೈದ್ಯರೊಡನೆ ಚರ್ಚಿಸಿ, ಅವರ ಮೂಲಕ ಮಾತ್ರ ನೋವಿಲ್ಲದ ದಯಾಮರಣ ಕೊಡಿಸಬಹುದು. ಈ ನಿರ್ಧಾರ ಕಷ್ಟಕರವೆಂಬುದು ನಿಜ. ನಾಯಿ ತಾನಾಗಿ ತಿನ್ನುತ್ತದೆಯೇ, ಎದ್ದು ಹೊರಗೆ ಹೋಗುತ್ತದೆಯೇ, ಮನೆಯವರನ್ನು ಕಂಡು ಬಾಲವಾಡಿಸುತ್ತದೆಯೇ ಎಂಬುದನ್ನು ಒಂದು ವಾರ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೂ ಮಾಲೀಕರಿಗೂ ಸಹಾಯವಾಗುತ್ತದೆ. ಸತ್ತ ನಾಯಿಯನ್ನು ಕೆರೆ ಅಥವಾ ನಾಲೆಗೆ ಎಸೆಯದೆ, ಬಾವಿಯಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ಚಿಕಿತ್ಸೆಗಾಗಿ ಸಾರ್ವಜನಿಕರು ಮೊದಲಿಗೆ ಹತ್ತಿರದ ಸರ್ಕಾರಿ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಸಂಚಾರಿ ಪಶುಚಿಕಿತ್ಸಾ ಘಟಕದ ಸಹಾಯವಾಣಿ ಸಂಖ್ಯೆ 1962. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ವೈದ್ಯರ ಸಲಹೆಯ ಮೇರೆಗೆ ಹಾಸನದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕರೆದೊಯ್ಯಬಹುದು. ಕಿಕ್ಕೇರಿ ಭಾಗದವರಿಗೆ ಚನ್ನರಾಯಪಟ್ಟಣದ ಮಾರ್ಗವಾಗಿ ಹಾಸನವೇ ಸಮೀಪ. ಹೋಗುವಾಗ ಲಸಿಕೆ ಚೀಟಿ, ಈವರೆಗೆ ಕೊಟ್ಟ ಔಷಧಗಳ ಹೆಸರು ಹಾಗೂ ಸಾಧ್ಯವಾದಲ್ಲಿ ನಾಯಿ ಕುಂಟುವ ಅಥವಾ ಕೆಮ್ಮುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿ ತರಲು ಕೋರಿದೆ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಹೆದರಿ ಕುಂಟುವುದನ್ನೇ ನಿಲ್ಲಿಸಿಬಿಡುತ್ತದೆ.